ವಿದ್ಯುತ್ ಸೆಕ್ಟರ್ ಅಯಾನುಗಳನ್ನು ಸೋಸುತ್ತದೆಯೇ ಅಥವಾ ಸರಿದೂಗಿಸುತ್ತದೆಯೇ? ಡಬಲ್ ಫೋಕಸಿಂಗ್ ಮಾಸ್ ಸ್ಪೆಕ್ಟ್ರೋಮೀಟರ್ ಬಗ್ಗೆ ಒಂದು ಪ್ರಶ್ನೆ

ಶಿಲಾವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ನಾನು ಭೂವಿಜ್ಞಾನದ ಎಂ.ಎಸ್ಸಿ. ಎರಡನೆಯ ವರ್ಷದ ವಿದ್ಯಾರ್ಥಿನಿ. ಸರಗೂರು ಶಿಲಾಸಮೂಹದ ವಯಸ್ಸಿನ ಕುರಿತು ನಮ್ಮ ವಿಭಾಗದಲ್ಲಿ ಸೆಮಿನಾರ್ ಕೊಡಬೇಕಾಗಿದೆ. ಪಶ್ಚಿಮ ಕರ್ನಾಟಕದ ಈ ಶಿಲೆಗಳಲ್ಲಿ ಸಿಕ್ಕ ಜಿರ್ಕಾನ್ ಎಂಬ ಖನಿಜದ ಕಣಗಳ ಪೈಕಿ ಅತಿ ಹಳೆಯವು ಸುಮಾರು 358 ಕೋಟಿ ವರ್ಷಗಳಷ್ಟು ಹಿಂದಿನವು ಎಂದು 1992ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಆ ಅಳತೆಗೆ ಬಳಸಿದ್ದು ಶ್ರಿಂಪ್ ಎಂಬ ಅಯಾನು ಮೈಕ್ರೋಪ್ರೋಬ್ ಅನ್ನು. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ರೂಪುಗೊಂಡ ಉಪಕರಣ ಅದು. ಆಕ್ಸಿಜನ್ ಅಯಾನುಗಳ ಕಿರಣವನ್ನು ಹರಳಿನ ಮೇಲೆ ಹಾಯಿಸಿ, ಅಲ್ಲಿಂದ ಸಿಡಿದು ಬರುವ ಸೀಸ, ಯುರೇನಿಯಂ ಮುಂತಾದವುಗಳ ಅಯಾನುಗಳನ್ನು ಅದು ತೂಗಿ ಎಣಿಸುತ್ತದೆ, ಅಂದರೆ ಅದೊಂದು ಮಾಸ್ ಸ್ಪೆಕ್ಟ್ರೋಮೀಟರ್. ಉಪಕರಣದ ವಿವರಣೆಯಲ್ಲಿ "ಡಬಲ್ ಫೋಕಸಿಂಗ್" ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ನನ್ನ ತೊಡಕು ಇರುವುದು ಅಲ್ಲಿಯೇ.

ಕಾಂತ ಸೆಕ್ಟರ್‌ನ ಕೆಲಸ ನನಗೆ ತಕ್ಕಮಟ್ಟಿಗೆ ಅರ್ಥವಾಗಿದೆ. ಒಂದೇ ವೋಲ್ಟೇಜಿನಿಂದ ದೂಡಲ್ಪಟ್ಟ ಅಯಾನುಗಳು ಕಾಂತಕ್ಷೇತ್ರವನ್ನು ಹೊಕ್ಕಾಗ ಭಾರವಾದವು ಕಡಿಮೆ ಬಾಗುತ್ತವೆ, ಹಗುರವಾದವು ಹೆಚ್ಚು ಬಾಗುತ್ತವೆ, ಹೀಗೆ ಅವು ಬೇರೆಬೇರೆಯಾಗುತ್ತವೆ. ಆದರೆ ಅದಕ್ಕೂ ಮೊದಲು ಬಾಗಿದ ಎರಡು ಲೋಹದ ಫಲಕಗಳ ನಡುವೆ ಅಯಾನುಗಳನ್ನು ಹಾಯಿಸುವ ವಿದ್ಯುತ್ ಸೆಕ್ಟರ್ ಏಕೆ ಬೇಕು? ನಾನು ಓದಿದ ಟಿಪ್ಪಣಿಯೊಂದು "ಅದು ಒಂದೇ ಶಕ್ತಿಯ ಅಯಾನುಗಳನ್ನು ಆರಿಸಿ ಮುಂದಕ್ಕೆ ಬಿಡುತ್ತದೆ" ಎನ್ನುತ್ತದೆ. ಹಾಗಿದ್ದರೆ ಅದು ಒಂದು ಜರಡಿಯಾಯಿತೇ ಹೊರತು ಫೋಕಸ್ ಮಾಡುವ ಸಾಧನ ಹೇಗಾದೀತು? ಇನ್ನೊಂದು ಪುಸ್ತಕ, ವಿದ್ಯುತ್ ಸೆಕ್ಟರ್ ಅಯಾನುಗಳನ್ನು ಚದುರಿಸುತ್ತದೆ, ಕಾಂತ ಸೆಕ್ಟರ್ ಆ ಚದುರುವಿಕೆಯನ್ನು ರದ್ದುಮಾಡುತ್ತದೆ ಎನ್ನುತ್ತದೆ. ಒಂದು ಇನ್ನೊಂದನ್ನು ರದ್ದುಮಾಡುವುದಾದರೆ ದ್ರವ್ಯರಾಶಿಯ ಬೇರ್ಪಡೆಯೂ ಜೊತೆಗೇ ರದ್ದಾಗಿ ಹೋಗಬೇಕಲ್ಲವೇ? ಈ ಎರಡು ವಿವರಣೆಗಳಲ್ಲಿ ಯಾವುದು ಸರಿ ಎಂದು ತಿಳಿದವರು ದಯವಿಟ್ಟು ಹೇಳಬೇಕು. ಗಣಿತ ಸ್ವಲ್ಪ ಬಂದರೂ ಅಡ್ಡಿಯಿಲ್ಲ.

ಕಿರಣಪಥ:

ಎರಡನೆಯ ವಿವರಣೆ ಸರಿ. ಮೊದಲನೆಯದು ಎಷ್ಟು ಕಡೆ ಅಚ್ಚಾಗಿದೆಯೆಂದರೆ ಅದನ್ನೇ ನಂಬಿ ಪರೀಕ್ಷೆ ಬರೆದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ನಿಮ್ಮ ಜಿರ್ಕಾನ್ ಉದಾಹರಣೆಯನ್ನೇ ಇಟ್ಟುಕೊಂಡು ನೋಡೋಣ, ಏಕೆಂದರೆ ಡಬಲ್ ಫೋಕಸಿಂಗ್ ಏಕೆ ಬೇಕು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಕಾಂತ ಸೆಕ್ಟರ್ ದ್ರವ್ಯರಾಶಿಯನ್ನು ನೇರವಾಗಿ ಅಳೆಯುವುದಿಲ್ಲ ಎಂಬುದು ಮೊದಲು ಮನಸ್ಸಿಗೆ ಬರಬೇಕಾದ ಮಾತು. ಕಾಂತಕ್ಷೇತ್ರದಲ್ಲಿ ಅಯಾನಿನ ಪಥದ ತ್ರಿಜ್ಯವು ಅದರ ಸಂವೇಗವನ್ನು, ಅಂದರೆ ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧವನ್ನು, ಆವೇಶ ಹಾಗೂ ಕ್ಷೇತ್ರದ ಬಲದಿಂದ ಭಾಗಿಸಿದಷ್ಟು. ಎಲ್ಲ ಅಯಾನುಗಳ ಶಕ್ತಿಯೂ ಒಂದೇ ಆಗಿದ್ದರೆ ಸಂವೇಗ ತಿಳಿದರೆ ದ್ರವ್ಯರಾಶಿ ತಿಳಿದಂತೆಯೇ. ಆದರೆ ಶಕ್ತಿ ಒಂದೇ ಆಗಿರುವುದಿಲ್ಲ. ತ್ರಿಜ್ಯವು ದ್ರವ್ಯರಾಶಿ ಮತ್ತು ಶಕ್ತಿ ಇವೆರಡರ ಗುಣಲಬ್ಧದ ವರ್ಗಮೂಲಕ್ಕೆ ಅನುಪಾತದಲ್ಲಿರುವುದರಿಂದ, ದ್ರವ್ಯರಾಶಿ ಸಾವಿರಕ್ಕೆ ಒಂದು ಪಾಲು ಹೆಚ್ಚಿದರೂ ಶಕ್ತಿ ಸಾವಿರಕ್ಕೆ ಒಂದು ಪಾಲು ಹೆಚ್ಚಿದರೂ ಅಯಾನು ಅಷ್ಟೇ ದೂರ ಪಕ್ಕಕ್ಕೆ ಸರಿಯುತ್ತದೆ. ತುಸು ಚುರುಕಾದ ಹಗುರ ಅಯಾನು ಯಾವುದು, ತುಸು ಮಂದವಾದ ಭಾರದ ಅಯಾನು ಯಾವುದು ಎಂದು ಕಾಂತಕ್ಷೇತ್ರಕ್ಕೆ ಗೊತ್ತಾಗುವುದಿಲ್ಲ.

ಈಗ ಸಂಖ್ಯೆಗಳನ್ನು ಹಾಕಿ ನೋಡಿ. ಅಯಾನುಗಳನ್ನು 10,000 ವೋಲ್ಟ್‌ನಲ್ಲಿ ದೂಡಲಾಗಿದೆ ಎಂದೂ ಕಾಂತ ಸೆಕ್ಟರ್‌ನ ತ್ರಿಜ್ಯ 1 ಮೀಟರ್ ಎಂದೂ ಇಟ್ಟುಕೊಳ್ಳೋಣ. ಶ್ರಿಂಪ್‌ನ ಕಾಂತದ ತ್ರಿಜ್ಯವೂ ಅಷ್ಟೇ. ಸೀಸ-206ರ ಒಂದು ಅಯಾನು ಆಗ ಸೆಕೆಂಡಿಗೆ ಸುಮಾರು 97 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ, ಅದನ್ನು ಆ ತ್ರಿಜ್ಯದಲ್ಲಿ ಬಾಗಿಸಲು ಸುಮಾರು 0.21 ಟೆಸ್ಲಾ ಕ್ಷೇತ್ರ ಸಾಕು. ಮುಂದಿನ ಲೆಕ್ಕಕ್ಕೆ, ಪ್ರವೇಶದ ಸ್ಲಿಟ್ (ಕಿರಿದಾದ ಸೀಳುಗಂಡಿ) ಮತ್ತು ಅದರ ಬಿಂಬ ಎರಡೂ ಕಾಂತದಿಂದ ಸಮಾನ ದೂರದಲ್ಲಿರುವ ಸಮಮಿತ ವಿನ್ಯಾಸವನ್ನು ತೆಗೆದುಕೊಂಡಿದ್ದೇನೆ. ಅದರಲ್ಲಿ ಬಿಂಬದ ಸರಿತ (ಪಕ್ಕಕ್ಕೆ ಸರಿಯುವ ದೂರ) ಎಂದರೆ ತ್ರಿಜ್ಯವನ್ನು ದ್ರವ್ಯರಾಶಿಯ ಸಾಪೇಕ್ಷ ವ್ಯತ್ಯಾಸದಿಂದ ಗುಣಿಸಿದಷ್ಟು. ಹಾಗಾಗಿ 206 ಮತ್ತು 207ರ ಬಿಂಬಗಳ ನಡುವಿನ ಅಂತರ 5 ಮಿಲಿಮೀಟರಿಗೆ ತುಸು ಕಡಿಮೆ. ಕಣ್ಣಿಗೇ ಕಾಣುವಷ್ಟು ಧಾರಾಳವಾದ ಅಂತರ ಇದು ಎನ್ನಿಸಬಹುದು. ಆದರೆ ಹರಳಿನ ಮೇಲ್ಮೈಯಿಂದ ಸಿಡಿದು ಬರುವ ಅಯಾನುಗಳು ಶಾಂತವಾಗಿ ಹೊರಡುವುದಿಲ್ಲ. ಕೆಲವು ಒಂದೆರಡು ಎಲೆಕ್ಟ್ರಾನ್ ವೋಲ್ಟ್ ಶಕ್ತಿಯೊಡನೆ ಹೊರಟರೆ ಕೆಲವು ಹತ್ತಾರು ಎಲೆಕ್ಟ್ರಾನ್ ವೋಲ್ಟ್‌ಗಳನ್ನು ಹೊತ್ತು ಬರುತ್ತವೆ. ಹತ್ತು ಸಾವಿರಕ್ಕೆ 50 ಎಂದರೆ ಇನ್ನೂರಕ್ಕೆ ಒಂದು. ಅದು ಉಂಟುಮಾಡುವ ಸರಿತ 5 ಮಿಲಿಮೀಟರ್. ಅಂದರೆ ಶಕ್ತಿಯ ಈ ಹರವೊಂದೇ 206ರ ಬಿಂಬವನ್ನು 207ರ ಬಿಂಬದ ಮೇಲಕ್ಕೆ ಎಳೆದು ಹಾಕುತ್ತದೆ. ಹರಳಿನ ವಯಸ್ಸು ಲೆಕ್ಕ ಹಾಕುವುದು ಈ ಎರಡು ಸೀಸಗಳ ಅನುಪಾತದಿಂದಲೇ ಎಂಬುದನ್ನು ನಿಮಗೆ ನಾನು ಹೇಳಬೇಕಿಲ್ಲ.

ಇನ್ನು ವಿದ್ಯುತ್ ಸೆಕ್ಟರ್. ಬಾಗಿದ ಎರಡು ಫಲಕಗಳ ನಡುವಿನ ವಿದ್ಯುತ್ ಕ್ಷೇತ್ರವು ಅಯಾನನ್ನು ಒಳಕ್ಕೆ ಎಳೆಯುತ್ತದೆ. ಆ ಎಳೆತವೇ ವೃತ್ತಪಥಕ್ಕೆ ಬೇಕಾದ ಕೇಂದ್ರಾಭಿಮುಖ ಬಲ. ಸಮೀಕರಣ ಬರೆದರೆ ಪಥದ ತ್ರಿಜ್ಯವು ಅಯಾನನ್ನು ದೂಡಿದ ವೋಲ್ಟೇಜಿನ ಎರಡರಷ್ಟನ್ನು ಕ್ಷೇತ್ರದಿಂದ ಭಾಗಿಸಿದಷ್ಟಾಗುತ್ತದೆ. ಈ ಉತ್ತರದಲ್ಲಿ ದ್ರವ್ಯರಾಶಿ ಇಲ್ಲವೇ ಇಲ್ಲ. ಭಾರದ ಅಯಾನು ನಿಧಾನವಾಗಿ ಹೋಗುತ್ತದೆ, ಹಗುರ ಅಯಾನು ವೇಗವಾಗಿ ಹೋಗುತ್ತದೆ, ಆದರೆ ಸಮಾನ ಶಕ್ತಿ ಮತ್ತು ಸಮಾನ ಆವೇಶ ಇದ್ದರೆ ಎರಡೂ ಒಂದೇ ದಾರಿಯಲ್ಲಿ ಹೋಗುತ್ತವೆ. ನಿಮ್ಮ ಎರಡನೆಯ ಸಂದೇಹಕ್ಕೆ ಉತ್ತರ ಇಲ್ಲಿದೆ. ವಿದ್ಯುತ್ ಸೆಕ್ಟರ್ ಶಕ್ತಿಯ ಆಧಾರದ ಮೇಲೆ ಮಾತ್ರ ಚದುರಿಸುತ್ತದೆ. ಕಾಂತ ಸೆಕ್ಟರ್ ಶಕ್ತಿ ಮತ್ತು ದ್ರವ್ಯರಾಶಿ ಎರಡರ ಆಧಾರದ ಮೇಲೂ ಚದುರಿಸುತ್ತದೆ. ಎರಡನ್ನೂ ಸರಿಯಾಗಿ ಜೋಡಿಸಿ ಶಕ್ತಿಯ ಚದುರುವಿಕೆಗಳು ಒಂದಕ್ಕೊಂದು ಸಮನಾಗಿ ಎದುರುಬದುರಾಗುವಂತೆ ಮಾಡಿದರೆ ಅವು ಪರಸ್ಪರ ಅಳಿದುಹೋಗುತ್ತವೆ, ಉಳಿಯುವುದು ದ್ರವ್ಯರಾಶಿಯ ಚದುರುವಿಕೆ ಮಾತ್ರ. ಅದನ್ನು ಅಳಿಸಿಹಾಕಲು ವಿದ್ಯುತ್ ಸೆಕ್ಟರ್‌ನಲ್ಲಿ ಎದುರು ಪಾಲೇ ಇಲ್ಲ.

ದೂರದರ್ಶಕದ ಮಸೂರಗಳಲ್ಲಿ ಇದಕ್ಕೆ ಹತ್ತಿರದ ಸಂಬಂಧಿಯೊಂದಿದೆ. ಒಂಟಿ ಗಾಜಿನ ಮಸೂರ ಕೆಂಪು ಬೆಳಕನ್ನು ಒಂದೆಡೆ, ನೀಲಿಯನ್ನು ಇನ್ನೊಂದೆಡೆ ಕೂಡಿಸುವುದರಿಂದ ನಕ್ಷತ್ರದ ಅಂಚಿನಲ್ಲಿ ಬಣ್ಣ ಒಸರುತ್ತದೆ. ಕ್ರೌನ್ ಗಾಜಿನ ಉಬ್ಬು ಮಸೂರಕ್ಕೆ ಫ್ಲಿಂಟ್ ಗಾಜಿನ ತಗ್ಗು ಮಸೂರವನ್ನು ಸೇರಿಸಿದಾಗ ಬಣ್ಣಗಳ ಚದುರುವಿಕೆ ಬಹುಪಾಲು ಅಳಿದು, ಬೆಳಕನ್ನು ಕೂಡಿಸುವ ಶಕ್ತಿ ಉಳಿದುಕೊಳ್ಳುತ್ತದೆ. ಅಲ್ಲಿ ಯಾರೂ ಬಣ್ಣಗಳನ್ನು ಸೋಸಿ ಎಸೆಯುವುದಿಲ್ಲ. ಇಲ್ಲಿಯೂ ಅಷ್ಟೇ: ಹೆಚ್ಚು ಶಕ್ತಿಯ ಅಯಾನು, ಕಡಿಮೆ ಶಕ್ತಿಯ ಅಯಾನು ಎರಡೂ ಬೇರೆಬೇರೆ ದಾರಿ ಹಿಡಿದು ಕೊನೆಗೆ ಒಂದೇ ಸ್ಲಿಟ್‌ಗೆ ಬಂದು ಸೇರುತ್ತವೆ.

ಜರಡಿಯಾಗಿ ಬಳಸಿದರೆ ಏನಾಗುತ್ತಿತ್ತು ಎಂಬುದನ್ನೂ ನೋಡಬೇಕು. ಜಿರ್ಕಾನ್‌ನಲ್ಲಿ ಹಾಫ್ನಿಯಂ ಇರುತ್ತದೆ, ಸಿಲಿಕಾನ್ ಇರುತ್ತದೆ. ಹಾಫ್ನಿಯಂ-178 ಮತ್ತು ಸಿಲಿಕಾನ್-28 ಕೂಡಿಕೊಂಡ ಅಯಾನಿನ ದ್ರವ್ಯರಾಶಿ 205.9206, ಸೀಸ-206ರದ್ದು 205.9745. ವ್ಯತ್ಯಾಸ 0.054. ನಮ್ಮ 1 ಮೀಟರ್ ಉಪಕರಣದಲ್ಲಿ ಇವೆರಡರ ನಡುವಿನ ಅಂತರ ಸುಮಾರು 0.26 ಮಿಲಿಮೀಟರ್. ಶಕ್ತಿಯ ಹರವು ಇಷ್ಟರೊಳಗೆ ಇರಬೇಕಾದರೆ 10,000ದಲ್ಲಿ 2.6 ಎಲೆಕ್ಟ್ರಾನ್ ವೋಲ್ಟ್ ಅಗಲದ ಪಟ್ಟಿಯನ್ನು ಮಾತ್ರ ಬಿಟ್ಟು ಉಳಿದ ಅಯಾನುಗಳನ್ನೆಲ್ಲ ತಡೆಯಬೇಕು. ಹಾಗೆ ಮಾಡಿದರೆ ಹರಳಿನಿಂದ ಕಷ್ಟಪಟ್ಟು ಹೊರತಂದ, ಮೊದಲೇ ತೀರಾ ಕಡಿಮೆ ಇರುವ ಸೀಸದ ಅಯಾನುಗಳಲ್ಲಿ ಬಹುಪಾಲು ಗೋಡೆಗೆ ಬಡಿದು ಹೋಗುತ್ತವೆ. ಎರಡೂ ಸೆಕ್ಟರ್‌ಗಳ ನಡುವೆ ಶಕ್ತಿಯ ಸ್ಲಿಟ್ ಒಂದು ಇರುವುದು ನಿಜ. ಆದರೆ ಅದನ್ನು ಅಗಲವಾಗಿ ತೆರೆದಿಟ್ಟರೂ ಬಿಂಬ ಚೂಪಾಗಿಯೇ ಇರುವುದು ಡಬಲ್ ಫೋಕಸಿಂಗ್‌ನ ಇಡೀ ಸಾಧನೆ.

ಭೌತಪಾಠ:

ಕಿರಣಪಥ ಅವರ ವಿವರಣೆಗೆ ಒಂದು ಮಾತು ಸೇರಿಸುತ್ತೇನೆ. "ಡಬಲ್" ಎಂದರೆ ಎರಡು ಸೆಕ್ಟರ್ ಇರುವುದರಿಂದ ಬಂದ ಹೆಸರು ಎಂದು ಹಲವರು ಬರೆಯುತ್ತಾರೆ, ಅದು ಸರಿಯಲ್ಲ. ಇಲ್ಲಿ ಎರಡು ಬಗೆಯ ಕೂಡಿಕೆ ನಡೆಯುತ್ತದೆ: ಬೇರೆಬೇರೆ ಕೋನದಲ್ಲಿ ಹೊರಟ ಅಯಾನುಗಳು ಒಂದೆಡೆ ಸೇರುವುದು ದಿಕ್ಕಿನ ಕೂಡಿಕೆ, ಬೇರೆಬೇರೆ ಶಕ್ತಿಯ ಅಯಾನುಗಳು ಒಂದೆಡೆ ಸೇರುವುದು ಶಕ್ತಿಯ ಕೂಡಿಕೆ. ಎರಡೂ ಒಂದೇ ಬಿಂದುವಿನಲ್ಲಿ ನಡೆದಾಗ ಮಾತ್ರ ಉಪಕರಣಕ್ಕೆ ಆ ಹೆಸರು ಸಲ್ಲುತ್ತದೆ.

ದಿಕ್ಕಿನ ಕೂಡಿಕೆ ಅರ್ಥವಾಗಲು ಕೈವಾರ ಮತ್ತು ಹಾಳೆ ಸಾಕು. ಒಂದು ಬಿಂದುವಿನಿಂದ ಹೊರಡುವ, ಒಂದೇ ತ್ರಿಜ್ಯದ ಮೂರು ವೃತ್ತಗಳನ್ನು ಬರೆಯಿರಿ. ಒಂದು ನೇರವಾಗಿ ಹೊರಡಲಿ, ಉಳಿದೆರಡು ತುಸು ಎಡಕ್ಕೆ, ತುಸು ಬಲಕ್ಕೆ ಓರೆಯಾಗಿ ಹೊರಡಲಿ. ಅರ್ಧ ಸುತ್ತು ಮುಗಿದಾಗ ಮೂರೂ ಹೆಚ್ಚುಕಡಿಮೆ ಒಂದೇ ಜಾಗವನ್ನು ದಾಟುತ್ತವೆ. ಉಳಿಯುವ ಮಸುಕು, ತ್ರಿಜ್ಯವನ್ನು ಓರೆಕೋನದ ವರ್ಗದಿಂದ ಗುಣಿಸಿದಷ್ಟು: 30 ಸೆಂಟಿಮೀಟರ್ ತ್ರಿಜ್ಯಕ್ಕೆ ಎರಡೂ ಕಡೆ 0.01 ರೇಡಿಯನ್ ಓರೆ ಇದ್ದರೆ 0.03 ಮಿಲಿಮೀಟರ್ ಮಾತ್ರ. 1918ರಲ್ಲಿ ಷಿಕಾಗೋದಲ್ಲಿ ಆರ್ಥರ್ ಡೆಂಪ್‌ಸ್ಟರ್ ಬಳಸಿದ್ದು ಈ 180 ಡಿಗ್ರಿಯ ಉಪಾಯವನ್ನೇ. ಅರ್ಧ ಸುತ್ತಿನ ಬದಲು 60 ಅಥವಾ 90 ಡಿಗ್ರಿಯ ತುಂಡು ಕಾಂತವಿದ್ದರೂ ಕೂಡಿಕೆ ನಡೆಯುತ್ತದೆ. ಅಯಾನುಗಳು ಕಾಂತದ ಅಂಚಿಗೆ ಲಂಬವಾಗಿ ಒಳಹೊಕ್ಕು ಲಂಬವಾಗಿ ಹೊರಬಂದರೆ, ಹೊರಡುವ ಬಿಂದು, ವೃತ್ತದ ಕೇಂದ್ರ, ಕೂಡುವ ಬಿಂದು ಮೂರೂ ಒಂದೇ ಸರಳರೇಖೆಯ ಮೇಲಿರುತ್ತವೆ. 60 ಡಿಗ್ರಿಯ ಸಮಮಿತ ಸೆಕ್ಟರ್‌ನಲ್ಲಿ ಸ್ಲಿಟ್ ಇರಬೇಕಾದ ದೂರ ತ್ರಿಜ್ಯದ 1.73ರಷ್ಟು, 90 ಡಿಗ್ರಿಯದರಲ್ಲಿ ತ್ರಿಜ್ಯದಷ್ಟೇ.

ಇನ್ನೊಂದು ಎಚ್ಚರಿಕೆ. ಪರಮಾಣು ಭೌತವಿಜ್ಞಾನದ ಪುಸ್ತಕಗಳಲ್ಲಿ ಬೀಟಾ ಕಣಗಳ ಸ್ಪೆಕ್ಟ್ರೋಮೀಟರ್‌ಗೂ "ಡಬಲ್ ಫೋಕಸಿಂಗ್" ಎಂಬ ಹೆಸರಿದೆ. ಸ್ವೀಡನ್ನಿನಲ್ಲಿ ಸ್ವಾರ್ಥೋಮ್ ಮತ್ತು ಸೀಗ್‌ಬಾನ್ 1946ರಲ್ಲಿ ರೂಪಿಸಿದ ಆ ಉಪಕರಣದಲ್ಲಿ ಕಾಂತಕ್ಷೇತ್ರವು ತ್ರಿಜ್ಯದ ವರ್ಗಮೂಲಕ್ಕೆ ವಿಲೋಮವಾಗಿ ಇಳಿಯುತ್ತ ಹೋಗುತ್ತದೆ; ಕಣಗಳು ಸುಮಾರು 255 ಡಿಗ್ರಿ ಸುತ್ತಿದ ಮೇಲೆ ಅಡ್ಡಡ್ಡವಾಗಿಯೂ ಮೇಲುಕೆಳಗಾಗಿಯೂ ಕೂಡಿಕೊಳ್ಳುತ್ತವೆ. ಅಲ್ಲಿನ ಎರಡು ಕೂಡಿಕೆಗಳೂ ದಿಕ್ಕಿನವೇ. ಶಕ್ತಿಯನ್ನು ಅಳೆಯುವುದೇ ಆ ಉಪಕರಣದ ಕೆಲಸವಾದ್ದರಿಂದ ಶಕ್ತಿಯ ಚದುರುವಿಕೆಯನ್ನು ಅಳಿಸುವ ಪ್ರಶ್ನೆಯೇ ಅಲ್ಲಿ ಇಲ್ಲ. ಹುಡುಕುವಾಗ ಎರಡೂ ಬೆರೆತು ಸಿಗುತ್ತವೆ, ಗೊಂದಲ ಮಾಡಿಕೊಳ್ಳಬೇಡಿ.

ಶಿಲಾವಿದ್ಯಾರ್ಥಿನಿ:

ಇಬ್ಬರಿಗೂ ಅನಂತ ಧನ್ಯವಾದಗಳು. ಐದು ಮಿಲಿಮೀಟರಿನ ಲೆಕ್ಕವನ್ನು ನಾನೇ ಮತ್ತೆ ಮಾಡಿ ನೋಡಿದೆ, ಸರಿಬಂತು. ವಿದ್ಯುತ್ ಸೆಕ್ಟರ್‌ನ ಸಮೀಕರಣದಲ್ಲಿ ದ್ರವ್ಯರಾಶಿ ಬಿಟ್ಟುಹೋಗುವುದನ್ನು ನೋಡಿದಾಗಲೇ ನನ್ನ ಅರ್ಧ ಗೊಂದಲ ಹೋಯಿತು.

ಆದರೆ ಇನ್ನೊಂದು ಕಡೆ ಸಿಕ್ಕಿಕೊಂಡಿದ್ದೇನೆ. ಚಿತ್ರಗಳಲ್ಲಿ ಕೆಲವು ಉಪಕರಣಗಳಲ್ಲಿ ಅಯಾನುಗಳು ಎರಡು ಸೆಕ್ಟರ್‌ಗಳಲ್ಲೂ ಒಂದೇ ಕಡೆಗೆ ಬಾಗುತ್ತವೆ, ಕೆಲವುಗಳಲ್ಲಿ ಮೊದಲು ಒಂದು ಕಡೆಗೂ ಆಮೇಲೆ ಇನ್ನೊಂದು ಕಡೆಗೂ ಬಾಗುತ್ತವೆ. ಚದುರುವಿಕೆಗಳು ಎದುರುಬದುರಾಗಿ ಅಳಿಯಬೇಕಾದರೆ ಬಾಗುವಿಕೆಯೂ ಎದುರುಬದುರಾಗಿರಬೇಕು ಎಂದು ನನಗೆ ತೋರುತ್ತದೆ. ಎರಡೂ ಕಡೆ ಹೆಚ್ಚು ಶಕ್ತಿಯ ಅಯಾನು ಹೊರಮಗ್ಗುಲಿಗೇ ಸರಿಯುವುದಾದರೆ ಸರಿತಗಳು ಕೂಡಿಕೊಂಡು ಇಮ್ಮಡಿಯಾಗಬೇಕಲ್ಲವೇ? ಹಾಗೆಯೇ, ಶಕ್ತಿಯ ಮಸುಕು ಪೂರ್ತಿ ಹೋದ ಮೇಲೆ ಪೃಥಕ್ಕರಣ ಸಾಮರ್ಥ್ಯಕ್ಕೆ, ಅಂದರೆ ಹತ್ತಿರಹತ್ತಿರದ ಎರಡು ದ್ರವ್ಯರಾಶಿಗಳನ್ನು ಬೇರ್ಪಡಿಸಿ ತೋರಿಸುವ ಅಳವಿಗೆ, ಮಿತಿ ಏನು? ಸೀಸ-206ಕ್ಕೆ ಒಂದು ಹೈಡ್ರೋಜನ್ ಅಂಟಿಕೊಂಡು 207ರಂತೆ ಕಾಣಿಸಿದರೆ ಅದನ್ನೂ ಬೇರ್ಪಡಿಸಬಹುದೇ?

ಕಿರಣಪಥ:

ಬಹಳ ಒಳ್ಳೆಯ ಪ್ರಶ್ನೆ. ಉತ್ತರ ನಡುವಿನ ಬಿಂಬದಲ್ಲಿದೆ.

ಒಂದೇ ಕಡೆಗೆ ಬಾಗುವ ವಿನ್ಯಾಸದಲ್ಲಿ ವಿದ್ಯುತ್ ಸೆಕ್ಟರ್ ದಾಟಿದ ಅಯಾನುಗಳು ಕಾಂತವನ್ನು ಹೊಗುವ ಮೊದಲೇ ಒಮ್ಮೆ ಕೂಡಿಕೊಂಡು ಬಿಂಬವೊಂದನ್ನು ಕಟ್ಟುತ್ತವೆ. ಆ ಜಾಗದಲ್ಲಿ ಹೆಚ್ಚು ಶಕ್ತಿಯವು ಹೊರಮಗ್ಗುಲಿಗೂ ಕಡಿಮೆ ಶಕ್ತಿಯವು ಒಳಮಗ್ಗುಲಿಗೂ ಹರಡಿಕೊಂಡಿರುತ್ತವೆ. ಶಕ್ತಿಯ ಸ್ಲಿಟ್ ಇಡುವುದೂ ಅಲ್ಲಿಯೇ. ಈಗ ಆ ಬಿಂಬವೇ ಕಾಂತಕ್ಕೆ ವಸ್ತುವಾಗುತ್ತದೆ. ಮಸೂರದಂತೆ ಕಾಂತವೂ ಬಿಂಬವನ್ನು ತಿರುವುಮುರುವು ಮಾಡುತ್ತದೆ, ಹಾಗಾಗಿ ಹೊರಮಗ್ಗುಲಿನಿಂದ ಹೊರಟ ಅಯಾನು ಒಳಮಗ್ಗುಲಿಗೆ ಬಂದು ಬೀಳಬೇಕು. ಅದೇ ಹೊತ್ತಿಗೆ ಶಕ್ತಿ ಹೆಚ್ಚಾಗಿರುವುದರಿಂದ ಕಾಂತ ಅದನ್ನು ಕಡಿಮೆ ಬಾಗಿಸಿ ಹೊರಮಗ್ಗುಲಿಗೆ ತಳ್ಳುತ್ತದೆ. ಎರಡೂ ಸಮನಾದರೆ ಅಯಾನು ನಟ್ಟನಡುವೆ ಬಂದು ನಿಲ್ಲುತ್ತದೆ. ಎರಡೂ ಅರ್ಧಗಳು ಸಮಮಿತವಾಗಿದ್ದು ವಿದ್ಯುತ್ ಸೆಕ್ಟರ್ ಉರುಳೆಯಾಕಾರದ ಫಲಕಗಳದಾಗಿದ್ದರೆ ವಿದ್ಯುತ್ ಭಾಗದ ಸರಿತವೂ ಕಾಂತ ಭಾಗದ ಸರಿತವೂ ತಂತಮ್ಮ ತ್ರಿಜ್ಯವನ್ನು ಶಕ್ತಿಯ ಸಾಪೇಕ್ಷ ವ್ಯತ್ಯಾಸದಿಂದ ಗುಣಿಸಿದಷ್ಟೇ ಆಗುತ್ತವೆ. ಆದ್ದರಿಂದ ಎರಡರ ತ್ರಿಜ್ಯಗಳು ಸಮನಾಗಿದ್ದರೆ ಮೊದಲ ದರ್ಜೆಯ ಲೆಕ್ಕ ಸರಿಹೊಂದಿತು. ಹಾಳೆಯ ಮೇಲೆ ಬರೆದು ನೋಡಿ, ಇಷ್ಟು ಸರಳವಾದ ಉತ್ತರ ಬರುವುದನ್ನು ಕಂಡಾಗ ನನಗಂತೂ ಬಹಳ ಸಂತೋಷವಾಗಿತ್ತು.

ನಡುವೆ ಬಿಂಬ ಕಟ್ಟದ ವಿನ್ಯಾಸದಲ್ಲಿ ತಿರುವುಮುರುವು ನಡೆಯುವುದಿಲ್ಲ, ಆಗ ನೀವು ಹೇಳಿದಂತೆ ಬಾಗುವಿಕೆಗಳೇ ಎದುರುಬದುರಾಗಿರಬೇಕು. ಇದು ಯೋಸೆಫ್ ಮಟಾಕ್ ಮತ್ತು ರಿಚರ್ಡ್ ಹೆರ್ತ್ಸೋಗ್ 1934ರಲ್ಲಿ ವಿಯೆನ್ನಾದಲ್ಲಿ ರೂಪಿಸಿದ ವಿನ್ಯಾಸ. ಅವರ ವಿದ್ಯುತ್ ಸೆಕ್ಟರ್ 31.8 ಡಿಗ್ರಿಯದು. ಈ ವಿಚಿತ್ರ ಸಂಖ್ಯೆ ಸುಮ್ಮನೆ ಬಂದದ್ದಲ್ಲ: 45 ಡಿಗ್ರಿಯನ್ನು ಎರಡರ ವರ್ಗಮೂಲದಿಂದ ಭಾಗಿಸಿದರೆ ಅಷ್ಟು ಬರುತ್ತದೆ. ಮೂಲ ಸ್ಲಿಟ್ ತ್ರಿಜ್ಯದ 0.707ರಷ್ಟು ದೂರದಲ್ಲಿದ್ದಾಗ, ಆ ಸೆಕ್ಟರ್ ದಾಟಿದ ಒಂದೇ ಶಕ್ತಿಯ ಅಯಾನುಗಳೆಲ್ಲ ಸಮಾಂತರ ಕಿರಣಗಳಾಗಿ ಹೊರಬರುತ್ತವೆ. ಬೇರೆ ಶಕ್ತಿಯವು ಬೇರೆ ಕೋನದ ಸಮಾಂತರ ಕಿರಣಗಳಾಗುತ್ತವೆ. ಸಮಾಂತರ ಕಿರಣ ಎಲ್ಲಿ ಕೂಡುತ್ತದೆ ಎಂಬುದು ಅದರ ಕೋನ ಮತ್ತು ಕಾಂತದೊಳಗಿನ ತ್ರಿಜ್ಯವನ್ನು ಮಾತ್ರ ಅವಲಂಬಿಸುತ್ತದೆ, ಮೂಲದ ದೂರ ಲೆಕ್ಕಕ್ಕೆ ಬರುವುದೇ ಇಲ್ಲ. ಆದ್ದರಿಂದ ಒಂದು ದ್ರವ್ಯರಾಶಿಗೆ ಎರಡೂ ಕೂಡಿಕೆಗಳು ಸರಿಹೊಂದಿದರೆ, ಅದೇ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿದಂತೆ ಎಲ್ಲ ದ್ರವ್ಯರಾಶಿಗಳಿಗೂ ಸರಿಹೊಂದುತ್ತದೆ, ಆ ಬಿಂದುಗಳೆಲ್ಲ ಕಾಂತದ ಹೊರ ಅಂಚಿನ ಒಂದು ಸರಳರೇಖೆಯ ಮೇಲೆ ಸಾಲಾಗಿ ನಿಲ್ಲುತ್ತವೆ. ಅಲ್ಲಿ ಛಾಯಾಚಿತ್ರದ ಫಲಕವನ್ನು ಇಟ್ಟರೆ ಇಡೀ ರೋಹಿತ ಒಂದೇ ಸಲಕ್ಕೆ ಅಚ್ಚಾಗುತ್ತದೆ. ಕಿಡಿ ಹಾರಿಸಿ ಅಯಾನು ಮಾಡುವ ಮೂಲಗಳಲ್ಲಿ ಶಕ್ತಿಯ ಹರವು ಸಾವಿರಾರು ಎಲೆಕ್ಟ್ರಾನ್ ವೋಲ್ಟ್‌ಗಳವರೆಗೂ ಹೋಗುತ್ತದೆ, ಸಂಕೇತವೂ ಏರಿಳಿಯುತ್ತಿರುತ್ತದೆ. ಅಂಥ ಮೂಲಗಳಿಗೆ ಈ ವಿನ್ಯಾಸ ದಶಕಗಳ ಕಾಲ ಆಸರೆಯಾಗಿತ್ತು.

ಅದೇ ಕಾಲದಲ್ಲಿ ಡೆಂಪ್‌ಸ್ಟರ್ 90 ಡಿಗ್ರಿ ವಿದ್ಯುತ್ ಸೆಕ್ಟರ್ ಮತ್ತು 180 ಡಿಗ್ರಿ ಕಾಂತವನ್ನೂ, ಬೇನ್‌ಬ್ರಿಜ್ ಮತ್ತು ಜೋರ್ಡನ್ 127 ಡಿಗ್ರಿ ವಿದ್ಯುತ್ ಸೆಕ್ಟರ್ ಮತ್ತು 60 ಡಿಗ್ರಿ ಕಾಂತವನ್ನೂ ಜೋಡಿಸಿದರು. ಇವರಿಗೂ ಹಿಂದೆ, 1919ರಲ್ಲಿ ಕೇಂಬ್ರಿಜ್‌ನಲ್ಲಿ ಫ್ರಾನ್ಸಿಸ್ ಆಸ್ಟನ್ ಕಟ್ಟಿದ ಉಪಕರಣ ವೇಗದ ಹರವನ್ನು ಕೂಡಿಸುತ್ತಿತ್ತು, ದಿಕ್ಕಿನ ಹರವನ್ನು ಕೂಡಿಸುತ್ತಿರಲಿಲ್ಲ. ಡೆಂಪ್‌ಸ್ಟರ್‌ನ ಮೊದಲ ಉಪಕರಣ ಇದಕ್ಕೆ ಪೂರ್ತಿ ವಿರುದ್ಧ. ಇಬ್ಬರ ಕೈಯಲ್ಲೂ ಅರ್ಧರ್ಧ ಉತ್ತರವಿತ್ತು, ಅವು ಒಂದಾಗಲು ಹದಿನೈದು ವರ್ಷ ಬೇಕಾಯಿತು. ಆಸ್ಟನ್ ಆ ಅರ್ಧ ಉತ್ತರದಿಂದಲೇ ಎಷ್ಟೊಂದು ಐಸೊಟೋಪುಗಳನ್ನು ಗುರುತಿಸಿ 1922ರ ರಸಾಯನವಿಜ್ಞಾನದ ನೊಬೆಲ್ ಪಡೆದರು ಎಂಬುದನ್ನು ನೆನೆದಾಗ ಅವರ ಕೈಚಳಕಕ್ಕೆ ತಲೆಬಾಗಬೇಕೆನಿಸುತ್ತದೆ.

ಒಂದೇ ಕಡೆಗೆ ಬಾಗುವ, ನಡುವೆ ಬಿಂಬ ಕಟ್ಟುವ ವಿನ್ಯಾಸಗಳಲ್ಲಿ ಅತಿ ಹೆಚ್ಚು ಬಳಕೆಗೆ ಬಂದದ್ದು ಮಿನೆಸೋಟದ ಆಲ್ಫ್ರೆಡ್ ನೀರ್ ಮತ್ತು ಜಾನ್ಸನ್ 1953ರಲ್ಲಿ ವಿವರಿಸಿದ 90 ಮತ್ತು 60 ಡಿಗ್ರಿಗಳ ಜೋಡಿ. ಅವರು ಬೇಕೆಂದೇ ಸಮಮಿತಿಯನ್ನು ಮುರಿದರು. ಭೌತಪಾಠ ಅವರು ಹೇಳಿದ, ಓರೆಕೋನದ ವರ್ಗಕ್ಕೆ ತಕ್ಕಂತೆ ಉಳಿಯುವ ಮಸುಕು ಇದೆಯಲ್ಲ, ವಿದ್ಯುತ್ ಭಾಗದ ಆ ಮಸುಕೂ ಕಾಂತ ಭಾಗದ ಆ ಮಸುಕೂ ಒಂದನ್ನೊಂದು ಅಳಿಸುವಂತೆ ದೂರಗಳನ್ನೂ ತ್ರಿಜ್ಯಗಳನ್ನೂ ಆರಿಸಿಕೊಂಡರು. ಪ್ರತಿಫಲವಾಗಿ ಹೆಚ್ಚು ಅಗಲದ ಕಿರಣವನ್ನು ಒಳಕ್ಕೆ ಬಿಟ್ಟುಕೊಂಡರೂ ಬಿಂಬ ಚೂಪಾಗಿ ಉಳಿಯಿತು.

ನಿರ್ವಾತ:

ಶಿಲಾವಿದ್ಯಾರ್ಥಿನಿಯವರ ಕೊನೆಯ ಪ್ರಶ್ನೆಗಳಿಗೆ ನಾನು ಉತ್ತರಿಸುತ್ತೇನೆ. ಸೆಕ್ಟರ್ ಉಪಕರಣಗಳ ಮುಂದೆ ಹಲವು ವರ್ಷ ಕೂತು ಕೆಲಸ ಮಾಡಿದ ಅನುಭವ ನನ್ನದು.

ಶಕ್ತಿಯ ಮಸುಕು ಹೋದ ಮೇಲೆ ಮಿತಿ ಹಾಕುವುದು ಸ್ಲಿಟ್. ಪ್ರವೇಶದ ಸ್ಲಿಟ್‌ನ ಬಿಂಬಕ್ಕೆ ತನ್ನದೇ ಅಗಲವಿದೆ, ಅದನ್ನು ಸಂಗ್ರಾಹಕದ ಸ್ಲಿಟ್ ದಾಟಿಸಬೇಕು. ಸಮಮಿತ ವಿನ್ಯಾಸದಲ್ಲಿ ಪೃಥಕ್ಕರಣ ಸಾಮರ್ಥ್ಯ ಎಂದರೆ ಕಾಂತದ ತ್ರಿಜ್ಯವನ್ನು ಎರಡು ಸ್ಲಿಟ್‌ಗಳ ಒಟ್ಟು ಅಗಲದಿಂದ ಭಾಗಿಸಿದಷ್ಟು. ತ್ರಿಜ್ಯ 30 ಸೆಂಟಿಮೀಟರ್ ಇದ್ದು 10,000 ಬೇಕೆಂದರೆ ಎರಡೂ ಸ್ಲಿಟ್ ಸೇರಿ 30 ಮೈಕ್ರೋಮೀಟರ್ ಇರಬೇಕು, ಅಂದರೆ ಒಂದೊಂದೂ 15. ಹಾಗೆ ಕಿರಿದು ಮಾಡಿದಾಗ ಸಂಕೇತ ಎಷ್ಟು ಇಳಿಯುತ್ತದೆ ಎಂಬುದನ್ನು ಪರದೆಯ ಮೇಲೆ ನೋಡಿದವರಿಗೇ ಗೊತ್ತು. ಶ್ರಿಂಪ್‌ನಂಥ ಉಪಕರಣಗಳು ಕೋಣೆ ತುಂಬುವಷ್ಟು ದೊಡ್ಡದಾಗಿರುವುದು ಇದೇ ಕಾರಣಕ್ಕೆ; ತ್ರಿಜ್ಯ ಹೆಚ್ಚಾದರೆ ಸ್ಲಿಟ್ ಅಗಲವಾಗಿದ್ದರೂ ನಡೆಯುತ್ತದೆ, ಅಯಾನುಗಳು ಹೆಚ್ಚು ಉಳಿಯುತ್ತವೆ.

ನೀವು ಕೇಳಿದ ಹೈಡ್ರೈಡ್ ವಿಷಯ. ಹಾಫ್ನಿಯಂ-ಸಿಲಿಕಾನ್ ಜೋಡಿಯನ್ನು ಸೀಸ-206ರಿಂದ ಬೇರ್ಪಡಿಸಲು ಬೇಕಾದ ಸಾಮರ್ಥ್ಯ (ದ್ರವ್ಯರಾಶಿಯನ್ನು ಎರಡರ ವ್ಯತ್ಯಾಸದಿಂದ ಭಾಗಿಸಿದಷ್ಟು) ಸುಮಾರು 3,800, ಜಿರ್ಕಾನ್ ಅಳತೆಯಲ್ಲಿ ಸಾಮಾನ್ಯವಾಗಿ ಬಳಸುವ 5,000 ಅದಕ್ಕೆ ಸಾಕು. ಆದರೆ ಸೀಸ-206ಕ್ಕೆ ಹೈಡ್ರೋಜನ್ ಸೇರಿದರೆ ದ್ರವ್ಯರಾಶಿ 206.9823 ಆಗುತ್ತದೆ, ಸೀಸ-207ರದ್ದು 206.9759. ವ್ಯತ್ಯಾಸ 0.0064 ಮಾತ್ರ. ಬೇಕಾದ ಸಾಮರ್ಥ್ಯ 32,000ಕ್ಕೂ ಹೆಚ್ಚು. ಅಷ್ಟಕ್ಕೆ ಸ್ಲಿಟ್ ಮುಚ್ಚಿದರೆ ಎಣಿಸಲು ಸೀಸವೇ ಉಳಿಯುವುದಿಲ್ಲ. ಆದ್ದರಿಂದ ಅಲ್ಲಿ ಉಪಕರಣದ ಸಾಮರ್ಥ್ಯವನ್ನು ನಂಬಿ ಕೂರುವಂತಿಲ್ಲ. ವಯಸ್ಸು ಗೊತ್ತಿರುವ ಪ್ರಮಾಣಿತ ಹರಳನ್ನು ಅದೇ ಸರದಿಯಲ್ಲಿ ಮತ್ತೆ ಮತ್ತೆ ಅಳೆದು, ಅದರ 207-206 ಅನುಪಾತ ಸರಿಯಾಗಿ ಬರುತ್ತಿದೆಯೇ ಎಂದು ನೋಡಬೇಕು. ನಿಮ್ಮ ಸೆಮಿನಾರ್‌ನಲ್ಲಿ ಈ ಮಾತನ್ನು ಬಿಡಬೇಡಿ.

ಪೃಥಕ್ಕರಣ ಸಾಮರ್ಥ್ಯದ ಸಂಖ್ಯೆ ಓದುವಾಗ ಅದನ್ನು ಯಾವ ಅಳತೆಗೋಲಿನಿಂದ ಹೇಳಿದ್ದಾರೆ ಎಂಬುದನ್ನೂ ನೋಡಿ. ಸೆಕ್ಟರ್ ಉಪಕರಣದವರು ಸಾಮಾನ್ಯವಾಗಿ ಎರಡು ಸಮಾನ ಶಿಖರಗಳ (ಸಂಕೇತದ ರೇಖೆಯಲ್ಲಿ ಒಂದೊಂದು ದ್ರವ್ಯರಾಶಿಗೂ ಏಳುವ ಉಬ್ಬುಗಳ) ನಡುವಿನ ತಗ್ಗು ಎತ್ತರದ 10 ಪ್ರತಿಶತಕ್ಕೆ ಇಳಿಯಬೇಕು ಎನ್ನುತ್ತಾರೆ. ಬೇರೆ ಬಗೆಯ ಉಪಕರಣಗಳವರು ಶಿಖರದ ಅರ್ಧ ಎತ್ತರದ ಅಗಲವನ್ನು ತೆಗೆದುಕೊಳ್ಳುತ್ತಾರೆ. ಒಂದೇ ಶಿಖರಕ್ಕೆ ಎರಡನೆಯ ಲೆಕ್ಕ ಸುಮಾರು ಇಮ್ಮಡಿ ಸಂಖ್ಯೆ ಕೊಡುತ್ತದೆ.

ಡಬಲ್ ಫೋಕಸಿಂಗ್ ನಿಜವಾಗಿಯೂ ನಡೆಯುತ್ತಿದೆಯೇ ಎಂದು ಪರೀಕ್ಷಿಸಲು ನಾವು ಮಾಡುತ್ತಿದ್ದ ಒಂದು ಕೆಲಸವನ್ನು ಹೇಳಿದರೆ ಕಿರಣಪಥ ಅವರ ವಿವರಣೆ ಇನ್ನಷ್ಟು ಗಟ್ಟಿಯಾಗಬಹುದು. ಕಾಂತಕ್ಷೇತ್ರವನ್ನೂ ವಿದ್ಯುತ್ ಸೆಕ್ಟರ್‌ನ ವೋಲ್ಟೇಜನ್ನೂ ಹಾಗೆಯೇ ಇಟ್ಟು, ಅಯಾನುಗಳನ್ನು ದೂಡುವ ವೋಲ್ಟೇಜನ್ನು ಮಾತ್ರ ಕೆಲವು ವೋಲ್ಟ್ ಹೆಚ್ಚಿಸಿ, ಕಡಿಮೆ ಮಾಡಿ ನೋಡುತ್ತಿದ್ದೆವು. ಒಂಟಿ ಕಾಂತದ ಉಪಕರಣವಾದರೆ ಶಿಖರ ತಕ್ಷಣ ಪಕ್ಕಕ್ಕೆ ಸರಿಯುತ್ತದೆ. ಸರಿಯಾಗಿ ಹೊಂದಿಸಿದ ಡಬಲ್ ಫೋಕಸಿಂಗ್ ಉಪಕರಣದಲ್ಲಿ ಶಿಖರ ಇದ್ದಲ್ಲೇ ಇರುತ್ತದೆ, ಶಕ್ತಿಯ ಸ್ಲಿಟ್‌ನ ಅಂಚು ತಾಗುವವರೆಗೂ ಅದು ಅಲುಗುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ನಮ್ಮ ಪ್ರಯೋಗಶಾಲೆಯ ಉಪಕರಣವೊಂದರಲ್ಲಿ ಶಿಖರದ ಒಂದು ಮಗ್ಗುಲಿಗೆ ಉದ್ದನೆಯ ಬಾಲ ಬರತೊಡಗಿತು. ಕಾಂತದ ವಿದ್ಯುತ್ ಪೂರೈಕೆಯೇ ಕೆಟ್ಟಿದೆ ಎಂದು ವಾರಗಟ್ಟಲೆ ಅದನ್ನೇ ತಡಕಿದೆವು. ಕೊನೆಗೆ ಈ ಪರೀಕ್ಷೆ ಮಾಡಿದಾಗ ಶಿಖರ ಸ್ಪಷ್ಟವಾಗಿ ಸರಿಯಿತು, ಅಂದರೆ ತಪ್ಪು ಇದ್ದದ್ದು ಶಕ್ತಿಯ ಕೂಡಿಕೆಯಲ್ಲಿ. ವಿದ್ಯುತ್ ಸೆಕ್ಟರ್ ಬಿಚ್ಚಿ ನೋಡಿದರೆ ಒಂದು ಫಲಕದ ಮೇಲೆ ಕಂದು ಬಣ್ಣದ ತೆಳು ಪೊರೆ ಕಟ್ಟಿತ್ತು. ಅದು ಆವೇಶವನ್ನು ಹಿಡಿದಿಟ್ಟುಕೊಂಡು ಕ್ಷೇತ್ರವನ್ನು ಕೆಡಿಸುತ್ತಿತ್ತು. ಒರೆಸಿ ಶುಚಿಮಾಡಿ, ಮತ್ತೆ ನಿರ್ವಾತಕ್ಕೆ ಇಳಿಸಿ ಬಿಸಿಮಾಡಿದ ಮೇಲೆ ಬಾಲ ಹೋಯಿತು. ಆ ಪರೀಕ್ಷೆಯನ್ನು ಮೊದಲ ದಿನವೇ ಮಾಡಿದ್ದರೆ ಅಷ್ಟು ದಿನಗಳು ಉಳಿಯುತ್ತಿದ್ದವು ಎಂಬ ನೋವು ಈಗಲೂ ಇದೆ.

ಶಿಲಾವಿದ್ಯಾರ್ಥಿನಿ:

ನಿರ್ವಾತ ಸರ್, ನಿಮ್ಮ ಪರೀಕ್ಷೆಯ ವಿವರಣೆ ಓದಿದಾಗ "ಜರಡಿಯಲ್ಲ" ಎಂಬ ಮಾತು ಪೂರ್ತಿ ಮನಸ್ಸಿಗೆ ಇಳಿಯಿತು. ಜರಡಿಯಾಗಿದ್ದರೆ ವೋಲ್ಟೇಜ್ ಬದಲಾದ ಕೂಡಲೇ ಸಂಕೇತವೇ ಮಾಯವಾಗಬೇಕಿತ್ತು. ಕೊನೆಯದಾಗಿ ಒಂದೇ ಪ್ರಶ್ನೆ. ಸೀಸ, ಸ್ಟ್ರಾನ್ಷಿಯಂ ಐಸೊಟೋಪುಗಳನ್ನು ಬಿಸಿ ತಂತಿಯ ಮೇಲೆ ಅಯಾನು ಮಾಡಿ ಅಳೆಯುವ ಉಪಕರಣಗಳಲ್ಲಿ ಕಾಂತ ಸೆಕ್ಟರ್ ಒಂದೇ ಇರುವುದನ್ನು ಚಿತ್ರಗಳಲ್ಲಿ ನೋಡಿದೆ. ಅತಿ ನಿಖರ ಅನುಪಾತಗಳು ಅವುಗಳಿಂದಲೇ ಬರುತ್ತವೆ ಎನ್ನುತ್ತಾರೆ. ಅವುಗಳಿಗೆ ಡಬಲ್ ಫೋಕಸಿಂಗ್ ಏಕೆ ಬೇಡ?

ನಿರ್ವಾತ:

ಬಿಸಿ ತಂತಿಯಿಂದ ಹೊರಡುವ ಅಯಾನುಗಳ ಶಕ್ತಿಯ ಹರವು ಅರ್ಧ ಎಲೆಕ್ಟ್ರಾನ್ ವೋಲ್ಟ್‌ನ ಆಸುಪಾಸಿನಲ್ಲಷ್ಟೇ ಇರುತ್ತದೆ. 10,000 ವೋಲ್ಟ್‌ನಲ್ಲಿ ದೂಡಿದರೆ ಅದು ಇಪ್ಪತ್ತು ಸಾವಿರಕ್ಕೆ ಒಂದು ಪಾಲು. ಜೊತೆಗೆ ಮಾದರಿಯನ್ನು ಮೊದಲೇ ರಾಸಾಯನಿಕವಾಗಿ ಶುದ್ಧಮಾಡಿ ಸೀಸವನ್ನೋ ಸ್ಟ್ರಾನ್ಷಿಯಂ ಅನ್ನೋ ಬೇರ್ಪಡಿಸಿಟ್ಟಿರುವುದರಿಂದ ಹಾಫ್ನಿಯಂ-ಸಿಲಿಕಾನ್‌ನಂಥ ಜೋಡಿಗಳ ಕಾಟವೂ ಇರುವುದಿಲ್ಲ. 206ನ್ನು 207ರಿಂದ ಬೇರ್ಪಡಿಸಿದರೆ ಸಾಕು, ಅದಕ್ಕೆ ಕೆಲವು ನೂರರ ಸಾಮರ್ಥ್ಯ ಧಾರಾಳ. ಅಲ್ಲಿ ಅಳಿಸಬೇಕಾದ ಮಸುಕೇ ಇಲ್ಲದಿರುವಾಗ ವಿದ್ಯುತ್ ಸೆಕ್ಟರ್ ಸೇರಿಸಿದರೆ ಅಯಾನುಗಳು ಕಳೆದುಹೋಗಲು ಇನ್ನೊಂದು ಜಾಗ ಒದಗಿಸಿದಂತಾಗುತ್ತದೆ, ಅಷ್ಟೇ.

ಆದರೆ ಅದೇ ಐಸೊಟೋಪುಗಳನ್ನು ಆರ್ಗಾನ್ ಪ್ಲಾಸ್ಮಾದಲ್ಲಿ ಅಯಾನು ಮಾಡಿ ಅಳೆಯುವಾಗ ಲೆಕ್ಕ ಬದಲಾಗುತ್ತದೆ. ಪ್ಲಾಸ್ಮಾದಿಂದ ಬರುವ ಅಯಾನುಗಳ ಶಕ್ತಿಯ ಹರವು ಹಲವು ಎಲೆಕ್ಟ್ರಾನ್ ವೋಲ್ಟ್‌ಗಳದು. ಅದರ ಮೇಲೆ ಆರ್ಗಾನ್ ಎಲ್ಲದಕ್ಕೂ ಅಂಟಿಕೊಳ್ಳುತ್ತದೆ: ಆರ್ಗಾನ್ ಮತ್ತು ಆಕ್ಸಿಜನ್ ಸೇರಿ 55.957ರಲ್ಲಿ ಕೂತು ಕಬ್ಬಿಣ-56ರ ಮೇಲೆ ನೆರಳು ಹಾಕುತ್ತವೆ, ಬೇರ್ಪಡಿಸಲು 2,500 ಬೇಕು; ಆರ್ಗಾನ್ ಮತ್ತು ಕ್ಲೋರಿನ್ ಸೇರಿ ಆರ್ಸೆನಿಕ್-75ರ ಮೇಲೆ ಬರುತ್ತವೆ, ಬೇರ್ಪಡಿಸಲು ಸುಮಾರು 7,800 ಬೇಕು. ಆದ್ದರಿಂದ ಪ್ಲಾಸ್ಮಾ ಮೂಲದ ಉನ್ನತ ಪೃಥಕ್ಕರಣದ ಸೆಕ್ಟರ್ ಉಪಕರಣಗಳಲ್ಲಿ ವಿದ್ಯುತ್ ಸೆಕ್ಟರ್ ಮತ್ತೆ ಕಾಣಿಸಿಕೊಳ್ಳುತ್ತದೆ, ಕೆಲವುಗಳಲ್ಲಿ ಕಾಂತದ ಮೊದಲು, ಕೆಲವುಗಳಲ್ಲಿ ಕಾಂತದ ನಂತರ. ಯಾವುದು ಮೊದಲು ಬಂದರೂ ಕೊನೆಯ ಸ್ಲಿಟ್‌ನಲ್ಲಿ ಶಕ್ತಿಯ ಸರಿತಗಳ ಮೊತ್ತ ಸೊನ್ನೆಯಾಗಬೇಕು ಎಂಬ ಷರತ್ತು ಬದಲಾಗುವುದಿಲ್ಲ. ಸೆಮಿನಾರ್‌ನಲ್ಲಿ ಉಪಕರಣದ ಚಿತ್ರ ತೋರಿಸುವಾಗ ಒಂದೇ ದ್ರವ್ಯರಾಶಿಯ, ಬೇರೆಬೇರೆ ಶಕ್ತಿಯ ಎರಡು ಅಯಾನುಗಳ ದಾರಿಗಳನ್ನು ಎರಡು ಬಣ್ಣಗಳಲ್ಲಿ ಬರೆದು ತೋರಿಸಿ. ಅವು ನಡುವಿನ ಸ್ಲಿಟ್‌ನಲ್ಲಿ ಅಗಲಿ, ಕೊನೆಯ ಸ್ಲಿಟ್‌ನಲ್ಲಿ ಸೇರುವುದನ್ನು ನೋಡಿದರೆ ನಿಮ್ಮ ಸಹಪಾಠಿಗಳಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.